ಕೊನೆಯಿಂದ ಕೇಳಿದ ಹಾಡು

"ಆ ಟೇಪು ಹಾಕ್ಬೇಡ, ಕ್ಲೀವನ್! ನನಗೆ ಕೊಟ್ಬಿಡು!"

ಸ್ಟುಡಿಯೋ ಬಾಗಿಲಲ್ಲೇ ನಿಂತು ಆರ್ಲೆಟಾ ಕೂಗಿದಳು. ನಲವತ್ತು ವರ್ಷಗಳ ನಂತರ ಅವನೊಂದಿಗೆ ಆಡಿದ ಮೊದಲ ಮಾತು... ಅದೂ ಹೀಗೆ!

ಅಂದು ಇಲ್ಲೇ ಅವಳ ಹಾಡನ್ನು ಧ್ವನಿಮುದ್ರಿಸಿದ್ದ ಕ್ಲೀವನ್ ತಲೆಯೆತ್ತಿದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೆರಳಲ್ಲಿ ಮದುವೆಯ ಉಂಗುರವಿರಲಿಲ್ಲ.

"ಷಿಕಾಗೋದಿಂದ ಜಗಳಕ್ಕೇ ಬಂದ್ಯಾ? ಮೊದ್ಲು ಕೂತ್ಕೊಳ್ಳೇ ಮಾರಾಯ್ತಿ."

ಹೊರಗೆ ಮೆಂಫಿಸ್‌ನ ಆ ಹಳೆಯ ಕೇರಿಯೇ ನೆರೆದಿತ್ತು. ಕಪ್ಪು ಜನರ 'ಸೋಲ್' ಸಂಗೀತ ಬೆಳೆದ ಬೀದಿ. ಸ್ಟುಡಿಯೋ ಮುಚ್ಚಿದ ಮೇಲೆ ಅಂಗಡಿಗಳೂ ಒಂದೊಂದಾಗಿ ಕದ ಹಾಕಿದ್ದವು. ಈಗ ಚರ್ಚಿನವರೇ ಸೇರಿ, ಸ್ಟುಡಿಯೋದ ಕಿಟಕಿಗೆ ಹೊಡೆದ ಹಲಗೆ ಕಿತ್ತು, ಬಣ್ಣ ಬಳಿದು ಮಕ್ಕಳ ಸಂಗೀತಶಾಲೆ ಮಾಡಿದ್ದರು. ಇಂದು ಮಧ್ಯಾಹ್ನ ಅದರ ಆರಂಭ. ಮೊದಲು ಕೇಳಿಸುವುದು, ಆರ್ಲೆಟಾ ಇಪ್ಪತ್ತರ ಹರೆಯದಲ್ಲಿ ಹಾಡಿದ ಹಾಡು.

"ಕೆಟ್ಟುಹೋದ ಹಾಡು ಕೇಳಿಸಿ ಊರೆದುರು ನನ್ನ ಮಾನ ಕಳೀತೀಯಾ?"

"ಕೆಟ್ಟದ್ದಾ? ಯಾರಂದ್ರು?"

"ಅವತ್ತು ನೀನು ಊಟಕ್ಕೆ ಹೋಗುವಾಗ ಈ ಟೇಪು ಕೇಳಿರು ಅಂದಿದ್ಯಲ್ಲ, ನಾನೇ ಯಂತ್ರಕ್ಕೆ ಹಾಕ್ದೆ. ನನ್ನ ದನಿಯೇ ಇರ್ಲಿಲ್ಲ... ಬರೀ ಗೊರಗೊರ! ಷಿಕಾಗೋದವರು ಹಾಡೋಕೆ ಕರೆದಿದ್ರಲ್ಲ, ನಾನು ಹೋಗ್ಬಾರ್ದು ಅಂತ ನೀನೇ ಹಾಳ್ಮಾಡಿದ್ದೀಯ ಅಂದ್ಕೊಂಡೆ. ಸಂಜೆ ಬಸ್ಸಿಗೇ ಹೊರಟ್ಬಿಟ್ಟೆ."

ಕ್ಲೀವನ್ ಟೇಪಿನ ಸುರುಳಿಯನ್ನು ಕೈಗೆತ್ತಿಕೊಂಡ.

"ಮೊದ್ಲು ಹಿಂದಕ್ಕೆ ಸುತ್ತಿದ್ಯಾ?"

"ಯಾಕೆ ಸುತ್ಬೇಕು?"

"ಅಯ್ಯೋ! ಟೇಪು ಕೆಡದೇ ಇರ್ಲಿ ಅಂತ ನಾವು ಸುರುಳೀಲಿ ಹಾಡಿನ ಕೊನೆ ಹೊರತುದಿಗೆ ಬರೋ ಹಾಗೆ ಎತ್ತಿಡ್ತೀವಿ ಕಣೇ. ಸುತ್ತದೇ ಹಾಕಿದ್ರೆ ಕೊನೆಯಿಂದ ಉಲ್ಟಾ ಕೇಳ್ಸುತ್ತೆ. ನಿಂಗೆ ಹೇಳೋದನ್ನೇ ಮರ್ತೆನಲ್ಲ..."

ಆರ್ಲೆಟಾ ಈಗ ಕುರ್ಚಿಯಲ್ಲಿ ಕುಳಿತಳು. ಅರ್ಧ ಗಂಟೆ... ಅವನು ಊಟ ಮುಗಿಸಿ ಬರುವವರೆಗೆ ಕಾದಿದ್ದರೆ! ಒಂದೇ ಒಂದು ಮಾತು ಕೇಳಿದ್ದರೆ!

"ನೀನಾದ್ರೂ ಹುಡುಕ್ಕೊಂಡು ಬರ್ಬಹುದಿತ್ತಲ್ಲೋ?"

"ಕೇಳಿಯೂ ಹೋದೆಯಲ್ಲ... ಅದೇ ನಿನ್ನ ಉತ್ತರ ಅಂದ್ಕೊಂಡೆ."

"ಯಾವುದಕ್ಕೆ ಉತ್ತರ?"

ಅವನು ಸುರುಳಿಯನ್ನು ಯಂತ್ರಕ್ಕೆ ಹಾಕಿ, ಹಿಂದಕ್ಕೆ ಸುತ್ತಿ, ಗುಂಡಿ ಒತ್ತಿದ.

ಅವಳದೇ ದನಿ! ಎಷ್ಟು ತಿಳಿ, ಎಷ್ಟು ಧೈರ್ಯ... ಹಾಡು ಮುಗಿಯಿತು. ಒಂದು ಕ್ಷಣದ ಮೌನ. ಆಮೇಲೆ ಎಳೆಯ ಕ್ಲೀವನ್‌ನ ಅಳುಕುವ ದನಿ.

"ಆರ್ಲೆಟಾ, ಷಿಕಾಗೋಗೆ ಹೋಗು. ಆದ್ರೆ... ಗಂಡ ಅಂತ ನನ್ನನ್ನೂ ಕರ್ಕೊಂಡು ಹೋಗ್ತೀಯಾ?"

ಅಂದು ಅವಳು ಮೊದಲು ಕೇಳಿದ ಗೊರಗೊರ ಇದೇ! ತಾಳಲಾರದೆ ಅವಳು ಯಂತ್ರ ನಿಲ್ಲಿಸಿದ್ದು ಈ ಮಾತಿನ ನಡುವೆಯೇ!

ಅವಳು ಬಾಯಿಗೆ ಕೈಯೊತ್ತಿ ಅತ್ತಳು. ಬೇರೊಬ್ಬನ ಮನೆ ಬೆಳಗಿ, ಅವನನ್ನು ಮಣ್ಣು ಮಾಡಿ ಆರು ವರ್ಷ. ಕಳೆದದ್ದನ್ನು ಯಾವ ಯಂತ್ರ ಹಿಂದಕ್ಕೆ ಸುತ್ತೀತು?

ಹೊರಗೆ ಚಪ್ಪಾಳೆ ಶುರುವಾಯಿತು.

"ಕೇಳಿಸ್ಲಾ ಅವರಿಗೆ?" ಅವನು ಮೆಲ್ಲಗೆ ಕೇಳಿದ.

"ಹಾಡು ಮಾತ್ರ. ಕೊನೇದು ನಂದು."

"ಮತ್ತೆ ಉತ್ತರ?"

"ಷಿಕಾಗೋಗಂತೂ ಕರ್ಕೊಂಡು ಹೋಗಲ್ಲಪ್ಪಾ... ನಾನೇ ಇಲ್ಲಿ ಉಳೀತೀನಿ. ಆಗ್ಬಹುದಾ?"

"ಸಂಜೆ ಬಸ್ಸು?"

"ಈ ಸಲ ಅದೊಂದೇ ಹೋಗ್ಲಿ ಬಿಡು."