ಹೆಪ್ಪಿನ ಕರಟ

ನಂದಿತಾ ಬಚ್ಚಲೊಲೆಗೆ ಹಾಕಿದ ಮೂರನೆಯ ಕರಟ ಚಟಪಟ ಎನ್ನಲಿಲ್ಲ. ಚುರ್ ಎಂದಿತು.

ಹಾಲು ಸೀದ ವಾಸನೆ ಬಂತು. ಅವಳು ಬಗ್ಗಿ ನೋಡುವಷ್ಟರಲ್ಲಿ ಕರಟಕ್ಕೆ ಬೆಂಕಿ ಹತ್ತಿಯಾಗಿತ್ತು.

“ನಂದೀ, ಗೂಡಲ್ಲಿದ್ದ ಹೆಪ್ಪಿನ ಕರಟ ಕಂಡ್ಯೇನೇ?” ಅಡುಗೆಮನೆಯಿಂದ ರುದ್ರಮ್ಮಜ್ಜಿ ಕೂಗಿದರು.

ನಿನ್ನೆ ನೆಂಟರು ಬಂದು ಮೊಸರೆಲ್ಲ ಖಾಲಿಯಾಗಿತ್ತು. ಉಳಿದ ಎರಡು ಚಮಚವನ್ನು ಅಜ್ಜಿ ಕರಟದಲ್ಲಿ ಹಾಕಿ, ಚಳಿ ಎಂದು ಬಚ್ಚಲೊಲೆ ಪಕ್ಕದ ಗೂಡಿನಲ್ಲಿ ಇಟ್ಟಿದ್ದರು. ಕರಟದ ಬುಟ್ಟಿ ಖಾಲಿಯಾಗಿದ್ದಕ್ಕೆ ನಂದಿತಾ ಕತ್ತಲಲ್ಲೇ ಗೂಡಿಗೆ ಕೈ ಹಾಕಿದ್ದಳು.

“ಇಲ್ಲ ಅಜ್ಜಿ.”

“ಹಾಗಾದ್ರೆ ಆ ಹಾಳು ಬೆಕ್ಕೇ ಎಳ್ಕೊಂಡು ಹೋಗಿರೋದು!”

ಅಮ್ಮ ಹಾಲು ಕಾಯಿಸುತ್ತಿದ್ದಳು. “ಬಿಡಿ ಅತ್ತೆ, ಪ್ಯಾಕೆಟ್ ಮೊಸರು ತಂದು ಹೆಪ್ಪು ಹಾಕಿದ್ರಾಯ್ತು.”

“ಅದು ನಮ್ಮವ್ವ ಕೊಟ್ಟಿದ್ದು ಕಣಮ್ಮ. ಮದುವೆಯಾಗಿ ಬಾಣಾವರದಿಂದ ಬರೋವಾಗ ರೈಲಲ್ಲಿ ಮಡಿಲಲ್ಲಿ ಇಟ್ಕೊಂಡು ತಂದೆ. ಒಂದು ದಿನಾನೂ ತಪ್ಪಿರಲಿಲ್ಲ.”

“ನಮ್ಮ ಬೀದಿ ಚಲುವಮ್ಮನ ಮನೇಲಿ ಇಸ್ಕೊಳ್ಳೋಣ. ಅವರು ಮೊದಲು ಹೆಪ್ಪು ನಿಮ್ಮ ಹತ್ರಾನೇ ತಗೊಂಡಿದ್ದಲ್ವಾ?”

“ಅದ್ಯಾವ ಕಾಲದ ಮಾತು! ಅವರ ಹಾಲು, ಅವರ ಪಾತ್ರೆ. ಈಗ ಅದು ಆ ಮನೆ ಹೆಪ್ಪು. ನಮ್ಮವ್ವಂದು ಅದ್ರಲ್ಲಿ ಏನೈತೆ?”

ತನ್ನನ್ನೇ ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನಂದಿತಾಗೆ. ಶಾಲೆಗೆ ಹೊರಟಾಗ ಅಜ್ಜಿ ತೆಂಗಿನ ಪೊರಕೆ ಹಿಡಿದು ಬೆಕ್ಕನ್ನು ಅಟ್ಟುತ್ತಿದ್ದರು.

ಶಾಲೆಯಲ್ಲಿ ಮೀನಾಕ್ಷಿ ಮಿಸ್, “ಒಂದು ಚಮಚ ಮೊಸರಲ್ಲಿ ಎಷ್ಟು ಬ್ಯಾಕ್ಟೀರಿಯಾ ಇರಬಹುದು?” ಎಂದು ಕೇಳಿದರು. ನಿನ್ನೆ ಇಡ್ಲಿ ಹಿಟ್ಟು ಯಾಕೆ ಉಬ್ಬುತ್ತದೆ ಎಂದು ಹೇಳಿದ್ದರು. ಇವತ್ತೇ ಮೊಸರಿನ ಸರದಿ ಬರಬೇಕೇ!

“ನೂರು ಮಿಸ್!” ಎಂದ ಧರ್ಮೇಶ.

“ಕೋಟಿ ಕೋಟಿ ಕಣೋ. ಹಾಲಲ್ಲಿ ಜಾಗಕ್ಕೆ ಜಗಳ ನಡೀತಾನೇ ಇರುತ್ತೆ. ಮೊಸರಿನವು ಹುಳಿ ಮಾಡಿ ಬೇರೆಯವನ್ನ ಓಡಿಸ್ತವೆ. ಆದ್ರೆ ಅವಕ್ಕೂ ಶತ್ರು ಇದೆ. ಬ್ಯಾಕ್ಟೀರಿಯಾನೇ ಹಿಡಿಯೋ ವೈರಸ್.”

“ಅವಕ್ಕೂ ಜ್ವರ ಬರುತ್ತಾ ಮಿಸ್?” ಹಿಂದಿನಿಂದ ಯಾರೋ ಕೇಳಿದರು.

“ಸತ್ತೇ ಹೋಗ್ತವೆ. ಆದ್ರೆ ಒಂದಕ್ಕೆ ತಪ್ಪಿಸಿಕೊಳ್ಳೋ ಉಪಾಯ ಗೊತ್ತಿದ್ರೆ, ಅದನ್ನ ಚೀಟೀಲಿ ಬರೆದ ಹಾಗೆ ಪಕ್ಕದ್ದಕ್ಕೆ ದಾಟಿಸಬಹುದು. ತನ್ನ ಮಕ್ಕಳಿಗೆ ಮಾತ್ರ ಅಲ್ಲ, ಪಕ್ಕದಲ್ಲಿರೋ ಬೇರೆ ಜಾತಿ ಬ್ಯಾಕ್ಟೀರಿಯಾಕ್ಕೂ.” ಮಿಸ್ ಥಟ್ಟನೆ ಕೈ ಚಾಚಿ ಧರ್ಮೇಶನ ಬೆರಳಲ್ಲಿದ್ದ ಕಾಗದ ಹಿಡಿದರು. “ಹೀಗೆ!”

ಚೀಟಿಯಲ್ಲಿ ‘ಸ್ವಾಮಿ, ನಿನ್ನ ಟಿಫನ್ ಬಾಕ್ಸಲ್ಲಿ ಏನೋ?’ ಎಂದಿತ್ತು. ಕ್ಲಾಸೆಲ್ಲ ಗೊಳ್ಳೆಂದಿತು.

ಮಿಸ್ ಕೂಡ ನಕ್ಕರು. “ಆದ್ರೆ ಅವು ನಿಮಗಿಂತ ಚುರುಕು. ಚೀಟಿ ಕೊಟ್ಟ ಮೇಲೂ ಒಂದು ಕಾಪಿ ಇಟ್ಕೋತವೆ. ತಗೊಂಡಿದ್ದು ಇನ್ನೊಂದಕ್ಕೆ ಕೊಡುತ್ತೆ. ಮೊದಲು ಕೊಟ್ಟಿದ್ದು ಸತ್ತು ಎಷ್ಟೋ ವರ್ಷ ಆದ್ಮೇಲೂ ಚೀಟಿ ಉಳಿದಿರಬಹುದು. ಡೌಟ್ ಇದ್ರೆ ಕೇಳಿ.”

ನಂದಿತಾಳ ಕೈ ಅರ್ಧ ಮೇಲೆದ್ದಿತು. ಕೇಳಬೇಕಾದರೆ ಕರಟದ ವಿಷಯ ಹೇಳಬೇಕು. ಅವಳು ಆ ಕೈಯಿಂದ ಜಡೆಯ ರಿಬ್ಬನ್ ಸರಿಮಾಡಿಕೊಂಡಳು.

ಸಂಜೆ ಮನೆಗೆ ಬರುವಾಗ ಬೀದಿ ದಿನದ ಹಾಗೆಯೇ ಇತ್ತು. ಮಂಡಿಯ ಕಡೆಯಿಂದ ಕೊಬ್ಬರಿ ವಾಸನೆ, ಜಂಕ್ಷನ್ನಿನಲ್ಲಿ ರೈಲಿನ ಕೂಗು. ಆದರೆ ನಂದಿತಾ ಒಂದೊಂದು ಮನೆಯ ಮುಂದೂ ನಿಧಾನವಾದಳು. ಈ ಮನೆಯ ಅಡುಗೆಮನೆಯಲ್ಲೊಂದು ಮೊಸರಿನ ಪಾತ್ರೆ. ಆ ಮನೆಯಲ್ಲೊಂದು. ಒಂದೊಂದು ಮುಚ್ಚಳದ ಕೆಳಗೂ ಕೋಟಿ ಕೋಟಿ. ಒಂದಿಷ್ಟೂ ಸದ್ದಿಲ್ಲದೆ ಜಗಳ, ಒಂದಿಷ್ಟೂ ಸದ್ದಿಲ್ಲದೆ ಚೀಟಿ. ಬಾಗಿಲಲ್ಲಿ ಕೂತು ಹೂ ಕಟ್ಟುವವರಿಗೆ ಅದು ಗೊತ್ತೇ ಇಲ್ಲ! ಅವಳ ಮೈ ಜುಮ್ಮೆಂದಿತು.

ಚಲುವಮ್ಮಜ್ಜಿಯ ಮನೆ ಮುಂದೆ ಅವಳು ನಿಂತೇಬಿಟ್ಟಳು. ಆಮೇಲೆ ಮನೆಗೆ ಓಡಿದಳು.

ಅಜ್ಜಿ ಬಚ್ಚಲ ಗೂಡನ್ನು ಒರೆಸುತ್ತಿದ್ದರು. ಬೆಕ್ಕು ದೂರದ ಗೋಡೆಯ ಮೇಲೆ ಕೂತು ಹೆದರಿಕೆಯಿಂದ ನೋಡುತ್ತಿತ್ತು.

“ಅಜ್ಜಿ, ಬೆಕ್ಕಲ್ಲ. ಕರಟಾನ ಒಲೆಗೆ ಹಾಕಿದ್ದು ನಾನು. ನೋಡ್ದೇ ಹಾಕ್ಬಿಟ್ಟೆ. ಬೆಳಗ್ಗೆ ಸುಳ್ಳು ಹೇಳ್ದೆ.”

ಅಜ್ಜಿಯ ಕೈ ನಿಂತಿತು. ಅವರು ನಂದಿತಾಳ ಬೆರಳುಗಳನ್ನು ಹಿಡಿದು ತಿರುಗಿಸಿ ನೋಡಿದರು.

“ಕೈ ಸುಟ್ಕೊಂಡಿಲ್ಲ ತಾನೇ?”

ಆಗ ನಂದಿತಾಗೆ ಅಳು ಬಂತು. ಅಳುತ್ತಲೇ ಜಗಳ, ವೈರಸ್, ಚೀಟಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

“ಚೀಟೀನಾ? ಮೊಸರೊಳಗಾ?” ಅಜ್ಜಿಯ ಬಾಯಿ ತೆರೆದೇ ಇತ್ತು.

ನಂದಿತಾ ಕಣ್ಣೊರೆಸಿಕೊಂಡಳು. ಮತ್ತೆ ತುಂಬಿಟ್ಟಿದ್ದ ಬುಟ್ಟಿಯಿಂದ ಹೊಸ ಕರಟವೊಂದನ್ನು ಆರಿಸಿ ಚೆನ್ನಾಗಿ ತೊಳೆದಳು. ಆಮೇಲೆ ಕ್ಲಾಸಲ್ಲಿ ಕೇಳದೆ ಬಿಟ್ಟ ಮಾತನ್ನು ಕೇಳಿದಳು.

“ಅಜ್ಜಿ, ನಿಮ್ಮವ್ವನ ಹೆಪ್ಪಿನ ಚೀಟಿ ಚಲುವಮ್ಮಜ್ಜಿ ಮನೆ ಮೊಸರಲ್ಲಿ ಇನ್ನೂ ಇರಬಹುದಾ?”