ಮರೆತುಹೋದ ಅರ್ಧ ಪಾಯಿಂಟ್

ಸ್ವಂತ ಕಾಲೇಜಿನ ತಂಡದ ವಿರುದ್ಧ ಬಾಜಿ ಕಟ್ಟುವವನಿಗೆ ಅಲಬಾಮಾದ ಆ ಊರಿನಲ್ಲಿ ಒಂದು ಲೋಟ ನೀರೂ ಹುಟ್ಟುವುದಿಲ್ಲ. ಅಂಥದ್ದರಲ್ಲಿ ಟ್ರೂಯೆಟ್ ಲ್ಯಾಂಗಮ್, ಓದುವ ವಯಸ್ಸಿನಲ್ಲಿ ಅದೇ ತಂಡಕ್ಕಾಗಿ ತಲೆ ಒಡೆಸಿಕೊಂಡವನು, ಶುಕ್ರವಾರ ಬೆಳಗ್ಗೆ ಊರಿನ ರೇಡಿಯೊದಲ್ಲಿ ಹೇಳಿಯೇಬಿಟ್ಟ.

"ನಾಳೆ ನಮ್ಮ ಪೆಲಿಕನ್ಸ್ ಗೆಲ್ತಾರೆ. ಆದ್ರೆ ಏಳು ಪಾಯಿಂಟ್ ಅಂತರ ಬರಲ್ಲ. ನನ್ನ ಬೆಟ್ ಈ ಸಲ ಎದುರಾಳಿ ಕಡೆಗೆ."

ಪಕ್ಕದ ಮೈಕಿನ ಮುಂದೆ ಕೂತಿದ್ದ ಮೇವಿಸ್‌ಗೆ ಕಾಫಿ ಚೆಲ್ಲುವಷ್ಟು ಸಿಟ್ಟು ಬಂತು. ಹೆಲ್ಮೆಟ್ ತೊಟ್ಟು ಗುದ್ದಾಡುವ ಅಮೆರಿಕನ್ ಫುಟ್‌ಬಾಲ್ ಸೀಸನ್ನಿನ ಮೊದಲ ಆಟಕ್ಕೆ ಮುನ್ನ ಪ್ರತಿವರ್ಷ ಭವಿಷ್ಯ ನುಡಿಯುವವರು ಅವರಿಬ್ಬರೇ. ಅವನು ಊರಿನ ಕಡೆ, ಅವಳು ಎದುರಾಳಿ ಕಡೆ. ಬಾಜಿ ಗೆಲುವಿನ ಮೇಲಲ್ಲ, ಅಂತರದ ಮೇಲೆ; ಊರಿನ ತಂಡ ಹೇಳಿದಷ್ಟು ಅಂತರದಿಂದ ಗೆಲ್ಲದಿದ್ದರೆ ಎದುರಾಳಿ ಕಡೆಯವರೇ ಗೆದ್ದಂತೆ. ಕೇಳುವವರಿಗೆ ಅವರ ಜಗಳವೇ ಹಬ್ಬದೂಟ. ಮೈಕ್ ಆರಿದ ಮೇಲೆ ಇಬ್ಬರ ನಡುವೆ ಇನ್ನೊಂದು ಖಾಸಗಿ ಬಾಜಿ. ಒಮ್ಮೆ ಪಾತ್ರೆ ತೊಳೆಯುವುದಕ್ಕೆ, ಒಮ್ಮೆ ಜಗಲಿಗೆ ಬಣ್ಣ ಹೊಡೆಯುವುದಕ್ಕೆ, ಮೊಟ್ಟಮೊದಲ ವರ್ಷ ಒಂದು ಮುತ್ತಿಗೆ. ಸೋತವರು ಮಾತು ತಪ್ಪಿದ್ದೇ ಇಲ್ಲ.

ಆ ಮೊದಲ ವರ್ಷವೇ ಅವನು ಪಾಠ ಹೇಳಿಕೊಟ್ಟಿದ್ದ. "ಬರೀ ಏಳು ಅನ್ಬಾರ್ದು ಕಣೇ, ಏಳೂವರೆ ಅನ್ಬೇಕು. ಅಂತರ ಸರಿಯಾಗಿ ಏಳಕ್ಕೇ ನಿಂತ್ರೆ ಬೆಟ್ ರದ್ದು. ಇಬ್ರೂ ಇಟ್ಟಿದ್ದನ್ನ ವಾಪಸ್ ತಗೊಂಡು ಮನೆಗೆ ಹೋಗ್ಬೇಕು. ನಾನು ಮುತ್ತಿಲ್ದೆ ಹೋಗೋನಲ್ಲ." ಹಾಗೆಂದು ಕಣ್ಣು ಮಿಟುಕಿಸಿದ್ದ. ಆಟ ಶುರುವಾಗುವ ಮೊದಲೇ ಮೇವಿಸ್ ಸೋತಿದ್ದಳು.

ಇವತ್ತು ಮೈಕ್ ಆರಿದ ಕೂಡಲೇ ಅವಳು ತಿರುಗಿದಳು. "ಏನೋ ಇದು ನಾಟಕ?"

"ಈ ಸಲದ್ದು ದೊಡ್ಡ ಬೆಟ್. ನಾನು ಗೆದ್ರೆ ಸೋಮವಾರ ನೀನು ಸವಾನಾಗೆ ಹೊರಡ್ತೀಯ. ಅಲ್ಲಿಯವರು ಕರೀತಿರೋ ಕೆಲಸ ಒಪ್ಕೋತೀಯ. ವಾಪಸ್ ಬರಲ್ಲ."

ಮೇವಿಸ್ ಕುರ್ಚಿ ಹಿಂದಕ್ಕೆ ತಳ್ಳಿದಳು. "ಯಾರವಳು?"

ಟ್ರೂಯೆಟ್ ನಕ್ಕ. "ನಿನ್ನ ಬಿಟ್ಟು ಇನ್ನೊಬ್ಬಳನ್ನ ನೋಡೋಕೆ ನಂಗೇನು ತಲೆ ಕೆಟ್ಟಿದ್ಯಾ?" ನಗು ಅಲ್ಲಿಗೇ ನಿಂತಿತು. "ಕೆಟ್ಟಿದೆ ಮೇವಿಸ್. ಮಂಗಳವಾರ ಡಾಕ್ಟ್ರು ಅದನ್ನೇ ಹೇಳಿದ್ದು."

ಅವನ ಮರೆವಿನ ಬಗ್ಗೆ ಅವಳಿಗೆ ಅನುಮಾನವಿರಲಿಲ್ಲ ಎಂದಲ್ಲ. ಈಗಷ್ಟೇ ರೇಡಿಯೊದಲ್ಲಿ ಅವನು ಬಾಯ್ತುಂಬ ಹೊಗಳಿದ ಆಟಗಾರ ಕಾಲೇಜು ಬಿಟ್ಟು ವರ್ಷಗಳಾಗಿದ್ದವು. ಅವಳೇ ನಗುತ್ತ ನಡುವೆ ಬಾಯಿ ಹಾಕಿ ಸರಿಯಾದ ಹೆಸರು ಸೇರಿಸಿದ್ದಳು. ಅವನು ಆಡುತ್ತಿದ್ದ ಕಾಲದಲ್ಲಿ ಹೆಲ್ಮೆಟ್ಟಿಗೆ ಹೆಲ್ಮೆಟ್ ಗುದ್ದಿದಾಗಲೆಲ್ಲ ಊರು ಚಪ್ಪಾಳೆ ತಟ್ಟಿತ್ತು. ಏಟು ಮಾತ್ರ ಅವನೊಬ್ಬನ ಪಾಲಿಗೆ ಉಳಿದಿತ್ತು.

"ನಮ್ಮ ಟೀಮಿನ ಡಾಯ್ಲ್‌ನ ನೋಡಿದ್ಯಲ್ಲ," ಎಂದ. "ಕೊನೆಕೊನೆಗೆ ಹೆಂಡ್ತಿ ಯಾರು ಅಂತ್ಲೇ ಗೊತ್ತಾಗ್ತಿರ್ಲಿಲ್ಲ. ಅವಳ ಮೇಲೇ ಕೈ ಎತ್ತಿದ. ನನ್ನ ಕೈ ಏಳೋಕೆ ಮುಂಚೆ ನೀನು ಹೋಗ್ಬೇಕು. ಬೇಡ್ಕೊಂಡ್ರೆ ನೀನು ಹೋಗಲ್ಲ. ಬೆಟ್ ಸೋತ್ರೆ ಹೋಗ್ತೀಯ."

"ಅಂತರ ಜಾಸ್ತಿಯಾಗಿ ನಾನು ಗೆದ್ರೆ?"

"ಕೇಳಿದ್ದು ಕೊಡ್ತೀನಿ."

"ಮದ್ವೆ ಆಗ್ಬೇಕು. ನಾಡಿದ್ದೇ."

ಅವನು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡ. "ಆಯ್ತು. ಅಂತರ ಏಳು," ಎಂದು ಕೈ ಚಾಚಿದ.

ಮೇವಿಸ್ ಕಾದಳು. ಅರ್ಧ ಬರಲಿಲ್ಲ. ಅವನು ಕೈ ಚಾಚಿಕೊಂಡೇ ಇದ್ದ, ಎಲ್ಲ ಹೇಳಿ ಮುಗಿಸಿದವನ ಹಾಗೆ. ಡಾಕ್ಟರ ಮಾತು ಅವಳಿಗೆ ನಿಜವಾದದ್ದು ಆಗ. ಆದರೂ ಅರ್ಧದ ಸುದ್ದಿ ಎತ್ತದೆ ಕೈ ಕುಲುಕಿದಳು.

ಶನಿವಾರ ಮಧ್ಯಾಹ್ನ ಸ್ಟೇಡಿಯಂ ಕಾವಲಿಯಂತೆ ಕಾದಿತ್ತು. ಬೇಯಿಸಿದ ಶೇಂಗಾದ ಪೊಟ್ಟಣವನ್ನು ನಡುವೆ ಇಟ್ಟುಕೊಂಡು ಇಬ್ಬರೂ ಕೂತಿದ್ದರು. ಅವನು ಸುಲಿದ ಕಾಳನ್ನು ಅಭ್ಯಾಸಬಲದಿಂದ ಅವಳ ಅಂಗೈಗೆ ಹಾಕುತ್ತಿದ್ದ. ನಾಡಿದ್ದು ಇವಳನ್ನು ಊರು ಬಿಡಿಸಬೇಕೆಂದಿದ್ದವನೂ ಅವನೇ.

ಕೊನೆಯ ನಿಮಿಷ. ಪೆಲಿಕನ್ಸ್ ಏಳು ಪಾಯಿಂಟ್ ಮುಂದಿದ್ದರು, ಚೆಂಡು ಅವರ ಕೈಯಲ್ಲೇ, ಎದುರಾಳಿಯ ಗೆರೆಯ ಹತ್ತಿರವೇ ಇತ್ತು. ಒಂದು ಸಲ ನುಗ್ಗಿ ಗೆರೆ ದಾಟಿದರೆ ಸಾಕು, ಅಂತರ ಹೆಚ್ಚುತ್ತದೆ, ಮದುವೆ ಅವಳದು. ಮೇವಿಸ್ ಎದ್ದು ನಿಂತಳು. ಆದರೆ ಗೆದ್ದಾದ ಮೇಲೆ ಸೋತವರ ಮುಖಕ್ಕೆ ಮತ್ತೆ ಮಸಿ ಬಳಿಯುವುದು ಆ ತಂಡದ ಪದ್ಧತಿಯಲ್ಲ. ಪೆಲಿಕನ್ಸ್ ಹುಡುಗ ಮುನ್ನುಗ್ಗದೆ ಚೆಂಡು ಅಪ್ಪಿಕೊಂಡು ಮಂಡಿಯೂರಿ ಹೊತ್ತು ಕಳೆದ. ಗಡಿಯಾರ ಸೊನ್ನೆಗೆ ಬಂತು. ಸುತ್ತಲಿನವರೆಲ್ಲ ಕುಣಿಯುತ್ತಿದ್ದರು.

"ಗೆದ್ದೆ ಅಲ್ವಾ ನಾನು?" ಟ್ರೂಯೆಟ್ ಕೇಳಿದ. ಗೆದ್ದವನ ದನಿಯಾಗಿರಲಿಲ್ಲ ಅದು.

"ಇಪ್ಪತ್ತೊಂದು, ಹದಿನಾಲ್ಕು. ನೀನೇ ಲೆಕ್ಕ ಹಾಕು."

ಅವನು ಬೋರ್ಡನ್ನೇ ಬಹಳ ಹೊತ್ತು ನೋಡಿದ. "ಏಳು... ನಾನು ಅರ್ಧ ಹೇಳ್ಲಿಲ್ವಾ?"

"ಇಲ್ಲ."

"ಯಾವಾಗ್ಲೂ ಹೇಳ್ತಿದ್ದೆ."

"ಹೂಂ. ಹೇಳ್ತಿದ್ದೆ."

"ನೀನಾದ್ರೂ ನೆನಪಿಸ್ಬಾರ್ದಾಗಿತ್ತಾ, ಕಳ್ಳಿ?"

"ನಂಗೇನು ಹುಚ್ಚಾ?" ಅವಳಿಗೆ ಅಳು ಒತ್ತರಿಸಿ ಬಂತು. "ಬೆಟ್ ರದ್ದು. ನೀನೇ ಕಲ್ಸಿದ್ದು. ಇಟ್ಟಿದ್ದನ್ನ ವಾಪಸ್ ತಗೊಂಡು ಮನೆಗೆ ಹೋಗ್ಬೇಕು. ನೀನು ನನ್ನನ್ನ ಇಟ್ಟಿದ್ದೆ ಟ್ರೂಯೆಟ್. ತಗೋ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಒಂದಿನ ನೀನ್ಯಾರು ಅಂತ ಕೇಳ್ತೀನಿ."

"ಹೆಸ್ರು ಹೇಳ್ತೀನಿ. ಮತ್ತೆ ಕೇಳಿದ್ರೆ ಮತ್ತೆ ಹೇಳ್ತೀನಿ."

"ಕೈ ಎತ್ತಿದ್ರೆ?"

ಮೇವಿಸ್ ಅವನತ್ತ ಬಾಗಿದಳು. ಅವನ ತೊಡೆಯ ಮೇಲಿನ ಶೇಂಗಾ ಸಿಪ್ಪೆ ಕೊಡವಿದಳು. ಆ ಕೈಯನ್ನೇ ಹಿಡಿದು ಎಬ್ಬಿಸಿದಳು.

ಗೇಟು ದಾಟಿದ ಮೇಲೆ ಟ್ರೂಯೆಟ್ ಎಡಕ್ಕೆ ತಿರುಗಿದ. ಅವರ ಗಾಡಿ ಇದ್ದದ್ದು ಬಲಕ್ಕೆ. ಮೇವಿಸ್ ಒಂದು ಕ್ಷಣ ನಿಂತಳು. ಆಮೇಲೆ ಅವನ ಜೊತೆ ಎಡಕ್ಕೇ ನಡೆದಳು.