ಕನ್ನಡಿಗಳಿಗೆ ನೆನಪು ತಂದ ಬಿಂದವ್ವ

ಬಲು ಹಿಂದೆ, ಮೋಡಗಳು ನೆಲಕ್ಕಿಳಿದು ನೀರು ಕುಡಿಯುತ್ತಿದ್ದ ಕಾಲದಲ್ಲಿ, ಮಂಜಿನಕೋಟೆ ಎಂಬ ರಾಜ್ಯವಿತ್ತು. ಅಲ್ಲಿ ಊರಿಗೊಂದು ಮಾಯಾಕನ್ನಡಿ. ಮಂಜಿನಲ್ಲಿ ದಾರಿ ತಪ್ಪಿದವರನ್ನು ಯಾರು ಎಲ್ಲಿ ಕಂಡರೂ ಕನ್ನಡಿಗೆ ಹೇಳುವರು. ಹುಡುಕುವವರು ಬಂದು ಕನ್ನಡಿಯನ್ನು ಕೇಳುವರು. ಅಷ್ಟನ್ನೂ ನೆನಪಿಟ್ಟುಕೊಳ್ಳುತ್ತಿದ್ದದ್ದು ಅರಮನೆಯ ಕೊಳದ ಮುದಿ ಆಮೆ.

ಒಬ್ಬ ಮಾಂತ್ರಿಕ ಆಮೆಯನ್ನು ಕಲ್ಲಾಗಿಸಿದ. ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕನ್ನಡಿಗಳು ಮೂಕವಾದವು. ಕಳೆದುಹೋದವರು ಹುಡುಕುವವರ ಕೈಗೆ ಸಿಗದೆ ಅವನ ಆಳುಗಳಾದರು.

ಕನ್ನಡಿ ಉಜ್ಜುವ ಬಿಂದವ್ವನ ತಮ್ಮ ಕೆಂಪಣ್ಣನೂ ಮಂಜಿನಲ್ಲಿ ಮರೆಯಾದ. ರಾಣಿ ಅವಳನ್ನು ಕರೆಸಿ, ಆಮೆಯ ಬದಲಿಗೆ ನೆನಪಿನ ಕಾಡಿನಿಂದ ಒಂದು ಪ್ರಾಣಿಯನ್ನು ಆರಿಸಿ ತಾ ಎಂದಳು. ಆಯ್ಕೆ ತಪ್ಪಿದರೆ ನಾಡಿಗೆ ನಾಡೇ ಮರವೆಯಲ್ಲಿ ಮುಳುಗುವುದೆಂದೂ ಎಚ್ಚರಿಸಿದಳು.

ಕಾಡಿನಲ್ಲಿ ಮೊದಲು ಚಿನ್ನದ ಗಿಳಿ ಸಿಕ್ಕಿತು. ಬಿಂದವ್ವ ತಮ್ಮನ ಗುರುತು ಹೇಳಿದಳು. ಕೇಳಿದ್ದೇ ತಡ, ಗಿಳಿ ಎಲ್ಲವನ್ನೂ ಒಪ್ಪಿಸಿತು. ಆದರೆ ಒಂದು ಕ್ಷಣ ತೂಕಡಿಸಿ ಎದ್ದಾಗ ಅದಕ್ಕೆ ಏನೂ ನೆನಪಿರಲಿಲ್ಲ.

ಆಮೇಲೆ ಒಂಬತ್ತು ತಲೆಯ ಹಾವು. ಏನು ಹೇಳಿದರೂ ನುಂಗಿತು, ಎಷ್ಟು ಹೇಳಿದರೂ ನುಂಗಿತು. ತಿರುಗಿ ಕೇಳಿದರೆ ಒಂದು ತಲೆ ಕೆಂಪಣ್ಣ ಎಂದಿತು, ಇನ್ನೊಂದು ಕರಿಯಣ್ಣ ಎಂದಿತು. ಉಳಿದವು ಆ ಸುದ್ದಿ ತಮಗಿನ್ನೂ ಮುಟ್ಟಿಲ್ಲವೆಂದವು.

ಕೊನೆಗೆ ಬಿಳಿಯಾನೆ. ಹೆಸರು, ಊರು, ತಾಯಿಯ ಹೆಸರು, ಎಲ್ಲಿ ಕಂಡದ್ದು, ಕಂಡವರು ಯಾರು ಎಂದು ಅದು ಒಂದೊಂದಾಗಿ ಕೇಳಿತು. ಬಿಂದವ್ವನಿಗೆ ಸಾಕುಸಾಕಾಯಿತು. ನಡುವೆ ಗುಡುಗು ಮೊಳಗಿ ಅವಳ ಮಾತು ಕತ್ತರಿಸಿತು.

"ಅರೆಬರೆ ಕೇಳಿದ್ದನ್ನು ನಾನು ಇಟ್ಟುಕೊಳ್ಳುವುದಿಲ್ಲ, ತಾಯಿ. ಮೊದಲಿಂದ ಹೇಳು," ಎಂದಿತು ಆನೆ.

ಬಿಂದವ್ವನ ಕಣ್ಣು ತುಂಬಿ ಬಂತು. ಇಷ್ಟು ಜೋಪಾನವಾಗಿ ತನ್ನ ತಮ್ಮನ ವಿಷಯವನ್ನು ಯಾರೂ ಕೇಳಿರಲಿಲ್ಲ. ಅವಳು ಮೊದಲಿಂದ ಹೇಳಿದಳು, ಆನೆಯನ್ನೇ ಅರಮನೆಗೆ ಕರೆತಂದಳು.

ಕನ್ನಡಿಗಳು ಮತ್ತೆ ಮಿನುಗಿದವು. ದೂರದ ಊರಿನ ಅಂಬಿಗನೊಬ್ಬ ಕೆಂಪಣ್ಣನನ್ನು ಹೊಳೆಯಾಚೆ ಕಂಡೆನೆಂದು ತನ್ನೂರಿನ ಕನ್ನಡಿಗೆ ಹೇಳಿದ. ಇದನ್ನರಿತ ಮಾಂತ್ರಿಕ ಸನ್ಯಾಸಿಯ ವೇಷದಲ್ಲಿ ಅರಮನೆಯ ಕನ್ನಡಿಯೆದುರು ನಿಂತು, ಕೆಂಪಣ್ಣ ಸತ್ತುಹೋದನೆಂದು ಸುಳ್ಳು ಹೇಳಿದ.

"ಹೇಳುವವರ ಹೆಸರು?" ಆನೆ ಕೇಳಿತು.

ಮಾಂತ್ರಿಕ ಕೇಳಿಸದವನಂತೆ ಜಪಮಣಿ ಎಣಿಸಿದ. ಆನೆ ಎರಡನೆಯ ಸಲ ಕೇಳಿತು. ಅವನು ಸಿಟ್ಟಾದ. ಮೂರನೆಯ ಸಲ ಅಷ್ಟೇ ಮೆಲ್ಲಗೆ ಕೇಳಿದಾಗ ಅವನು ಕಂಗಾಲಾದ. ಮಂತ್ರಶಕ್ತಿಗಾಗಿ ಅವನು ತನ್ನ ಹೆಸರನ್ನೇ ಮಂಜಿಗೆ ಕೊಟ್ಟುಬಿಟ್ಟಿದ್ದ.

"ನಿನ್ನ ತಾಯಿ ನಿನ್ನನ್ನು ಏನೆಂದು ಕರೆಯುತ್ತಿದ್ದಳಪ್ಪ?" ಎಂದಳು ಬಿಂದವ್ವ.

ತಾಯಿ ಕರೆದ ಆ ಹೆಸರು ಮಾತ್ರ ಅವನಲ್ಲೇ ಉಳಿದಿತ್ತು. "ಗುಬ್ಬಣ್ಣ," ಎಂದ.

ಅಷ್ಟೇ. ಮಂತ್ರ ಕಳಚಿತು. ಮಂಜು ಹಾಲಿನ ಕೆನೆಯಂತೆ ಸುರುಳಿಗಟ್ಟಿ ಬೆಟ್ಟದಾಚೆ ಸರಿಯಿತು. ಕಲ್ಲಾಗಿದ್ದ ಆಮೆ ಕತ್ತು ಹೊರಚಾಚಿತು. ಮಾಂತ್ರಿಕನಿದ್ದಲ್ಲಿ ಒಬ್ಬ ಮುದುಕ ಕುಳಿತು ಅಳುತ್ತಿದ್ದ. ರಾಣಿ ಅವನಿಗೆ ಶಾಲು ಹೊದಿಸಿದಳು.

ಬಯಲಿನ ತುಂಬ ಜನ ಮನೆಗಳತ್ತ ನಡೆದು ಬರುತ್ತಿದ್ದರು. ಅವರ ನಡುವೆ ಕೆಂಪಣ್ಣನಿದ್ದ.

"ಅಕ್ಕಾ, ಊಟಕ್ಕೇನಿದೆ?" ಎಂದ.

ಅಂದು ಆ ನಾಡಿನಲ್ಲಿ ಒಲೆ ಉರಿಯದ ಮನೆಯಿರಲಿಲ್ಲ, ಊಟದ ಎಲೆ ಸಿಗದೆ ಉಳಿದ ಮನುಷ್ಯನಿರಲಿಲ್ಲ.